ಎಡಗೈ ಎಲ್ಲಿ ಹೋಯ್ತು? ಒಂದು ಸಬ್‌ವೂಫರ್ ರಿಪೇರಿಯ ಲೆಕ್ಕ

ಕಳೆದ ಚಳಿಗಾಲದಲ್ಲಿ ಊರಿನಿಂದ ತಾತ ನಮ್ಮಲ್ಲಿಗೆ ಬಂದಿದ್ದರು. ಮಸ್ಕತ್ತಿನ ಜನವರಿ ಅವರಿಗೆ ಬಹಳ ಹಿಡಿಸಿತು. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಒಂದು ಸುತ್ತು, ಮಧ್ಯಾಹ್ನ ಸಣ್ಣ ನಿದ್ದೆ, ಸಂಜೆ ಒಂದು ಕಚೇರಿ. ಕಚೇರಿಯೆಂದರೆ ನಮ್ಮ ಹಜಾರದಲ್ಲಿರುವ ಎರಡು ಪುಟ್ಟ ಸ್ಪೀಕರುಗಳಲ್ಲಿ ಮತ್ತು ಸೋಫಾದ ಪಕ್ಕ ಕುಳಿತಿರುವ ಒಂದು ದೊಡ್ಡ ಕರಿಯ ಪೆಟ್ಟಿಗೆಯಲ್ಲಿ ಕೇಳುವ ಹಳೆಯ ಧ್ವನಿಮುದ್ರಣ. ತಾತ ವಯಸ್ಸಿನಲ್ಲಿ ಹರಿಕಥೆಗೂ ಭಜನಾ ಮಂಡಳಿಗೂ ಮೃದಂಗ ನುಡಿಸಿದವರು. ಈಗ ಎಪ್ಪತ್ತೆಂಟು. ಕಿವಿ ಮಂದವಾಗಿದೆ.

ಒಂದು ಶುಕ್ರವಾರ ಸಂಜೆ, ತನಿ ಆವರ್ತನ ಶುರುವಾಗಿ ಎರಡು ನಿಮಿಷವಾಗಿರಬಹುದು, ತಾತ ಮುಚ್ಚಿದ ಕಣ್ಣು ತೆರೆದು ಕೇಳಿದರು: "ಏನ್ರಪ್ಪಾ, ಇವನ ಎಡಗೈ ಎಲ್ಲಿ ಹೋಯ್ತು? ಬರೀ ಬಲಗೈಲೇ ನುಡಿಸ್ತಿದಾನಲ್ಲ!"

ನಾವು ಯಾರೂ ಗಮನಿಸಿರಲಿಲ್ಲ. ಹೋಗಿ ನೋಡಿದರೆ ಕರಿಯ ಪೆಟ್ಟಿಗೆಯ ದೀಪ ಹತ್ತಿದೆ, ಸದ್ದಿಲ್ಲ. ಕಿವಿಯಿಟ್ಟು ಕೇಳಿದರೆ ಜೇನುಗೂಡಿನಂಥ ಒಂದು ಗುಂಯ್. ನಮ್ಮ ಸಬ್‌ವೂಫರ್ ಕೆಟ್ಟಿತ್ತು.

ಇದೊಂದು ದೊಡ್ಡ ಸಂಗತಿಯೆ ಎಂದು ಓದುಗರು ಕೇಳಬಹುದು. ಹಾಡು ಕೇಳಿಸುತ್ತಿತ್ತು, ಪಿಟೀಲು ಕೇಳಿಸುತ್ತಿತ್ತು. ಆದರೆ ತಾತನ ಪಾಲಿಗೆ ಅದು ದೊಡ್ಡದೇ. ವಯಸ್ಸು ಕಿವಿಯಿಂದ ಮೊದಲು ಕಸಿದುಕೊಳ್ಳುವುದು ಕೀಚಲು ಸದ್ದುಗಳನ್ನು, ಎಂದರೆ ಮೇಲಿನ ಕಂಪನಗಳನ್ನು. ತಂಬೂರಿಯ ಝೇಂಕಾರದ ಮೇಲುಭಾಗ, ಮಾತಿನಲ್ಲಿ 'ಸ', 'ಶ', 'ತ'ಗಳ ಅಂಚು, ಇವೆಲ್ಲ ಮಸುಕಾಗುತ್ತವೆ. ಕೆಳಗಿನ ಗಂಭೀರ ನಾದ ಮಾತ್ರ ಬಹುಕಾಲ ಉಳಿಯುತ್ತದೆ. ಕಿವಿಗಲ್ಲದೆ ಎದೆಗೂ ಪಾದಕ್ಕೂ ತಾಗುತ್ತದೆ. ಶ್ರವಣ ಸಾಧನ ಮಾತಿಗೆ ಸರಿ, ಸಂಗೀತಕ್ಕಲ್ಲವೆಂದು ತಾತ ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು ಕೂರುತ್ತಿದ್ದರು. ಮೃದಂಗದ ಎಡಭಾಗ, ರವೆಯ ಕಣಕ ಹಚ್ಚಿದ ಆ ತೊಪ್ಪಿಯ 'ಧೋಂ' ಅವರಿಗೆ ಸಿಗುತ್ತಿದ್ದದ್ದು ಈ ಪೆಟ್ಟಿಗೆಯಿಂದ. ಮಾರ್ಚ್ ೨೮ಕ್ಕೆ ಅವರ ವಾಪಸು ಟಿಕೆಟ್ಟು. ಉಳಿದದ್ದು ಏಳು ವಾರ.

ಪೆಟ್ಟಿಗೆ ಮಾಡುವ ಕೆಲಸ

ಮನುಷ್ಯನ ಕಿವಿ ಸೆಕೆಂಡಿಗೆ ೨೦ರಿಂದ ೨೦,೦೦೦ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲದೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಇದರಲ್ಲಿ ತಳದ ೨೦ರಿಂದ ಸುಮಾರು ೧೦೦ರವರೆಗಿನ ಭಾಗವನ್ನು ಮಾತ್ರ ವಹಿಸಿಕೊಳ್ಳುವ ಸ್ಪೀಕರೇ ಸಬ್‌ವೂಫರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ೩೪೩ ಮೀಟರ್ ಓಡುತ್ತದೆ. ಹಾಗಾಗಿ ೪೦ ಕಂಪನಗಳ ಒಂದು ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು, ನಮ್ಮ ಹಜಾರಕ್ಕಿಂತ ದೊಡ್ಡದು. ಅಂಥ ಅಲೆಯನ್ನೆಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. ಸದ್ದಿನ ಮಟ್ಟ ಅಷ್ಟೇ ಇರಬೇಕಾದರೆ ನಾದ ಒಂದು ಸ್ಥಾಯಿ ಕೆಳಗಿಳಿದಾಗ ಸ್ಪೀಕರಿನ ಕೋನು ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಇದಕ್ಕೆ ಬಲವಾದ ಆಂಪ್ಲಿಫೈಯರ್ ಬೇಕು. ಆದ್ದರಿಂದ ತಯಾರಕರು ಅದನ್ನೂ ಪೆಟ್ಟಿಗೆಯ ಬೆನ್ನಿಗೇ ಕೂರಿಸಿಬಿಡುತ್ತಾರೆ.

ಅನುಕೂಲ ಇದರಲ್ಲೇ ಇದೆ, ಅಪಾಯವೂ ಇದರಲ್ಲೇ ಇದೆ. ಗಾಳಿಯಾಡದ ಪೆಟ್ಟಿಗೆಯೊಳಗೆ ಬಿಸಿಯಾಗುವ ಯಂತ್ರ. ಅದರ ಮುಂದೆಯೇ ಇಡೀ ಪೆಟ್ಟಿಗೆಯನ್ನು ನಡುಗಿಸುವ ಇನ್ನೊಂದು. ಬಿಸಿ ಮತ್ತು ನಡುಕ, ವಿದ್ಯುತ್ ಉಪಕರಣಕ್ಕೆ ಇವೆರಡಕ್ಕಿಂತ ಕೆಟ್ಟ ಸಹವಾಸ ಬೇರೆ ಬೇಕಿಲ್ಲ.

ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು

ರಿಪೇರಿಯೋ ಹೊಸದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಅಂದು ರಾತ್ರಿಯೇ ಶುರುವಾಯಿತು. ಆದರೆ ಏನು ಕೆಟ್ಟಿದೆ ಎಂದು ತಿಳಿಯದೆ ಆ ಚರ್ಚೆ ಮಾಡುವುದು ಜ್ವರ ನೋಡದೆ ಔಷಧ ಬರೆದ ಹಾಗೆ. ಆದ್ದರಿಂದ ಮರುದಿನ ಶನಿವಾರ ರಜೆಯಿದ್ದದ್ದರಿಂದ ನಮ್ಮ ಕೈಲಾದಷ್ಟು ಪರೀಕ್ಷೆ ಮಾಡಿದೆವು. ಯಾರು ಬೇಕಾದರೂ ಮಾಡಬಹುದಾದದ್ದರಿಂದ ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು, ದೀಪ. ದೀಪ ಹತ್ತದಿದ್ದರೆ ಪ್ಲಗ್ಗಿನ ಫ್ಯೂಸು ನೋಡಬೇಕು. ಒಮಾನಿನ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗಿನೊಳಗೇ ಒಂದು ಫ್ಯೂಸಿರುತ್ತದೆ. ಎಷ್ಟೋ ಉಪಕರಣಗಳು ಅದೊಂದು ಫ್ಯೂಸಿಗಾಗಿ ಕಸದ ತೊಟ್ಟಿ ಸೇರಿವೆ. ನಮ್ಮದರ ದೀಪ ಹತ್ತುತ್ತಿತ್ತು.

ಎರಡನೆಯದು, ಕೇಬಲ್. ಬೇರೊಂದು ಕೇಬಲ್ ಹಾಕಿ ನೋಡಿದೆವು. ಅದೇ ಗುಂಯ್. ಆಮೇಲೆ ಕೇಬಲನ್ನೇ ಕಿತ್ತೆವು. ಕಿತ್ತಾಗ ಗುಂಯ್ ನಿಂತರೆ ದೋಷ ಹೊರಗೆ: ಕೇಬಲಿನಲ್ಲಿ, ಟಿ.ವಿ.ಯಲ್ಲಿ, ಇಲ್ಲವೆ ಅರ್ಥಿಂಗಿನಲ್ಲಿ. ನಿಲ್ಲದಿದ್ದರೆ ದೋಷ ಪೆಟ್ಟಿಗೆಯ ಒಳಗೆ. ನಮ್ಮದು ನಿಲ್ಲಲಿಲ್ಲ.

ಮೂರನೆಯದು, ಸ್ಪೀಕರ್. ಪ್ಲಗ್ ಕಿತ್ತು, ಅರ್ಧ ದಿನ ಹಾಗೇ ಬಿಟ್ಟು, ಮುಂದಿನ ತಿರುಪುಗಳನ್ನು ಬಿಚ್ಚಿ ಸ್ಪೀಕರನ್ನು ಹೊರತೆಗೆದು ಅದರ ಎರಡು ತಂತಿ ಕಳಚಿದೆವು. ಗೋಡೆ ಗಡಿಯಾರದ ೧.೫ ವೋಲ್ಟಿನ ಶೆಲ್ಲನ್ನು ಮುಟ್ಟಿಸಿದರೆ ಕೋನು 'ಟಪ್' ಎಂದು ಮುಂದಕ್ಕೆ ಹಾರಿತು. ಮೀಟರಿನಲ್ಲಿ ಅಳೆದರೆ ೩.೪ ಓಮ್, ೪ ಓಮಿನ ಸ್ಪೀಕರಿಗೆ ಅದು ಆರೋಗ್ಯದ ಲಕ್ಷಣ. ಕೋನನ್ನು ಬೆರಳುಗಳಿಂದ ಸಮನಾಗಿ ಒತ್ತಿದಾಗ ಕೆರೆಯುವ ಸದ್ದಿಲ್ಲ. ಒಳಗಿನ ಕಾಯಿಲ್ ಸುಟ್ಟಿರಲಿಲ್ಲ.

ಆದರೆ ಬೆರಳು ತೆಗೆದು ನೋಡಿದರೆ ತುದಿಗೆ ಕಪ್ಪು ಪುಡಿ. ಕೋನಿನ ಸುತ್ತ ಇರುವ ಸ್ಪಂಜಿನ ಬಳೆ ನೆನೆಸಿ ಒಣಗಿಸಿದ ರಸ್ಕಿನಂತೆ ಉದುರುತ್ತಿತ್ತು. ಒಂದೆಡೆ ಅಂಗುಲದಷ್ಟು ಬಿರುಕು. ಒಂದು ಕಾಯಿಲೆ ಹುಡುಕಲು ಹೋಗಿ ಎರಡು ಸಿಕ್ಕವು.

ಇಲ್ಲಿಗೆ ನಾವು ಕೈ ನಿಲ್ಲಿಸಿದೆವು. ಒಮಾನಿನ ಮನೆಗಳಲ್ಲಿ ಹರಿಯುವುದು ೨೪೦ ವೋಲ್ಟ್. ಅದರ ಮೇಲೆ ಆಂಪ್ಲಿಫೈಯರಿನ ದೊಡ್ಡ ಕಂಡೆನ್ಸರುಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಬೋರ್ಡಿನ ಕೆಲಸ ಕಸುಬಿನವರದು. ದಯವಿಟ್ಟು ಯಾರೂ ಧೈರ್ಯ ಮಾಡಬೇಡಿ.

ಎರಡು ಪಕ್ಷ

ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋದೆವು. ಕೌಂಟರಿನವರು ಮಾದರಿಯ ನಂಬರನ್ನು ಕಂಪ್ಯೂಟರಿಗೆ ಬಡಿದು, "ಇದು ನಿಂತುಹೋಗಿದೆ, ಬೋರ್ಡ್ ಬರುವುದಿಲ್ಲ, ಬಿಡಿಭಾಗ ಬದಲಾಯಿಸುವ ಪದ್ಧತಿ ನಮ್ಮಲ್ಲಿಲ್ಲ" ಎಂದರು. ಹೊಸದು ತೆರಿಗೆ ಸೇರಿ ೯೨ ರಿಯಾಲ್. ಏಳು ವರ್ಷದ ಹಳೆಯದಕ್ಕೆ ಬೆಲೆ ಸೊನ್ನೆ.

ಮನೆಗೆ ಬಂದ ಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಹೊಸದರ ಪಕ್ಷ, ಇನ್ನೊಬ್ಬರು ರಿಪೇರಿ ಪಕ್ಷ. ಹೊಸ ಪಕ್ಷದ ವಾದ ಹಗುರವಾಗಿರಲಿಲ್ಲ. ಕೆಟ್ಟದ್ದು ಒಂದಲ್ಲ, ಎರಡು. ಮೂರನೆಯದು ನಾಳೆ ಕೆಡಬಹುದು. ಹೊಸದಕ್ಕೆ ವರ್ಷದ ಗ್ಯಾರಂಟಿ ಉಂಟು, ರಿಪೇರಿಯವನ ಗ್ಯಾರಂಟಿ ಒಂದು ತಿಂಗಳು. ಎಲ್ಲಕ್ಕಿಂತ ಮುಖ್ಯ, ತಾತ ಇರುವುದು ಏಳು ವಾರ. ರಿಪೇರಿಯೆಂದು ಅಲೆದಾಡುತ್ತ ಆ ಏಳು ವಾರ ಕಳೆದುಹೋದರೆ ೭೦ ರಿಯಾಲ್ ಉಳಿಸಿ ಏನು ಉಪಯೋಗ? ರಿಪೇರಿ ಪಕ್ಷದವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಪೆಟ್ಟಿಗೆ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ, ಅಷ್ಟೆ. ಮನಸ್ಸಿಲ್ಲ ಎಂಬುದು ವಾದವಲ್ಲವೆಂದು ಇನ್ನೊಬ್ಬರು ಹೇಳಿದಾಗ ಒಪ್ಪಿಕೊಳ್ಳಲೇಬೇಕಾಯಿತು.

ತಾತ ಎಲ್ಲ ಕೇಳಿಸಿಕೊಳ್ಳುತ್ತಿದ್ದರೆಂದು ನಮಗೆ ತಿಳಿದಿರಲಿಲ್ಲ. ಶ್ರವಣ ಸಾಧನ ಆ ಹೊತ್ತು ಕಿವಿಯಲ್ಲೇ ಇತ್ತು.

"ಮುಚ್ಚಿಗೆ ಹರಿದ್ರೆ ಮುಚ್ಚಿಗೆ ಹಾಕಿಸ್ತೀವಿ," ಎಂದರು. "ಕರಣೆ ಉದುರಿದ್ರೆ ಕರಣೆ ಹಾಕಿಸ್ತೀವಿ. ಹಲಸಿನ ಮರ ಎಸೀತೀವೇನ್ರಪ್ಪ? ಮೊದಲು ಮರ ಸೀಳಿದ್ಯಾ ಅಂತ ನೋಡ್ರಿ. ಸೀಳಿದ್ರೆ ಹೊಸದು ತಗೊಳ್ಳಿ. ನನಗೋಸ್ಕರ ಅವಸರ ಮಾಡ್ಬೇಡಿ."

ಮೃದಂಗ ಬಲ್ಲವರ ಮನೆಯಲ್ಲಿ ಇದು ದಿನದ ಮಾತು. ತೊಗಲು ಸವೆಯುತ್ತದೆ, ಬಾರು ಸಡಿಲವಾಗುತ್ತದೆ, ಕರಿಯ ಕರಣೆ ಬಿರಿಯುತ್ತದೆ. ಆಗಾಗ ಅವನ್ನು ಹೊಸದು ಮಾಡಿಸುತ್ತಾರೆ. ಆ ಕರಣೆಯಿಂದಲೇ ಮೃದಂಗದ ಉಪಸ್ವರಗಳು ಒಂದಕ್ಕೊಂದು ಹೊಂದಿ ಶ್ರುತಿಯುಳ್ಳ ನಾದವಾಗುತ್ತದೆಂದು ಸರ್ ಸಿ. ವಿ. ರಾಮನ್ ೧೯೨೦ರಲ್ಲೇ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದರು. ಇಷ್ಟು ಮುಖ್ಯವಾದ ಭಾಗವೇ ಸವೆಯುವ ಭಾಗ. ಹಲಸಿನ ಕಳಸಿಗೆ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಮರ ಯಾವುದು, ಮುಚ್ಚಿಗೆ ಯಾವುದು? ಕಾಗದ ತೆಗೆದುಕೊಂಡು ಬರೆದೆವು. ಪೆಟ್ಟಿಗೆ, ಕಬ್ಬಿಣದ ಚೌಕಟ್ಟು, ಫೆರೈಟ್ ಅಯಸ್ಕಾಂತ, ಕೋನು, ಕಾಯಿಲ್, ಟ್ರಾನ್ಸ್‌ಫಾರ್ಮರ್: ಇವು ದಶಕಗಳ ಕಾಲ ಬರುವಂಥವು. ಸ್ಪಂಜಿನ ಬಳೆ, ಕಂಡೆನ್ಸರು, ಬೆಸುಗೆಯ ಕೀಲುಗಳು: ಇವು ಸವೆಯುವಂಥವು. ನಮ್ಮಲ್ಲಿ ಕೆಟ್ಟದ್ದೆಲ್ಲ ಎರಡನೆಯ ಪಟ್ಟಿಯಲ್ಲಿತ್ತು. ಹೊಸ ಪಕ್ಷದವರು ಒಂದು ಷರತ್ತಿನ ಮೇಲೆ ಒಪ್ಪಿದರು: ಮೂರು ವಾರದೊಳಗೆ ಆಗದಿದ್ದರೆ ಹೊಸದೇ.

ರೂವಿಯ ಗಲ್ಲಿಯಲ್ಲಿ

ರೂವಿಯ ಒಂದು ಗಲ್ಲಿಯಲ್ಲಿ, ಹಳೆಯ ಟಿ.ವಿ.ಗಳ ರಾಶಿಯ ಹಿಂದೆ ಕುಳಿತು ಕೆಲಸ ಮಾಡುವ ಒಬ್ಬರ ಬಗ್ಗೆ ಸ್ನೇಹಿತರು ಹೇಳಿದರು. ಕಾಸರಗೋಡಿನ ಕಡೆಯವರು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಮುಖವರಳಿತು. ಬೆನ್ನಿನ ತಗಡು ಬಿಚ್ಚಿ, ದೀಪ ಹಿಡಿದು ನೋಡಿ, ಐದೇ ನಿಮಿಷದಲ್ಲಿ ಹೇಳಿದರು:

"ಇದು ಹೋದದ್ದಲ್ಲ ಮಾರಾಯ್ರೆ. ಕಂಡೆನ್ಸರ್ ಊದಿದೆ, ಇದೊಂದು, ಇದೊಂದು. ಇಲ್ಲಿ ನೋಡಿ, ಗೋಂದು ಹಳತಾಗಿ ಕಪ್ಪಾಗಿದೆ."

"ಬೋರ್ಡ್ ಉಳಿಯುತ್ತದೆಯೆ?"

"ಉಳಿಯದಿದ್ರೆ ದುಡ್ಡು ಬೇಡ. ಅದಿರಲಿ, ನೀವು ಇದನ್ನು ಬಂದ್ ಮಾಡುವುದುಂಟಾ?"

"ಅದು ತಾನಾಗಿಯೇ ಮಲಗುತ್ತದಲ್ಲ," ಎಂದೆವು.

"ಮಲಗುವುದಲ್ಲ ಮಾರಾಯ್ರೆ, ಕಣ್ಣು ಮುಚ್ಚಿಕೊಂಡು ಎಚ್ಚರ ಇರುವುದು. ಊರಿಗೆ ಹೋದಾಗಲೂ ಪ್ಲಗ್ ಹಾಗೆಯೇ?"

ನಾವು ಸುಮ್ಮನಾದೆವು. ಪ್ರತಿ ವರ್ಷ ಜುಲೈ-ಆಗಸ್ಟ್ ಎರಡು ತಿಂಗಳು ಊರಿಗೆ ಹೋಗುವಾಗ ನೀರಿನ ನಲ್ಲಿ, ಗ್ಯಾಸು, ಏ.ಸಿ. ಎಲ್ಲ ನಿಲ್ಲಿಸಿ, ಎರಡು ಸಲ ಬೀಗ ಎಳೆದು ನೋಡಿ ಹೊರಡುವವರು ನಾವು. ಸೋಫಾದ ಹಿಂದಿನ ಈ ಪ್ಲಗ್ ಮಾತ್ರ ಒಂದು ವರ್ಷವೂ ನೆನಪಾಗಿರಲಿಲ್ಲ.

ಹತ್ತು ಡಿಗ್ರಿಯ ಲೆಕ್ಕ

ನಾಚಿಕೆಯ ವಿಷಯವೆಂದರೆ ಇದರ ವಿಜ್ಞಾನ ನಮ್ಮ ಅನ್ನದ ಕಸುಬೇ. ಬಿಸಿ ಹೆಚ್ಚಿದಂತೆ ರಾಸಾಯನಿಕ ಕ್ರಿಯೆ ಎಷ್ಟು ಚುರುಕಾಗುತ್ತದೆಂಬ ಸೂತ್ರವನ್ನು ಸ್ವೀಡನ್ನಿನ ಅರ‍್ಹೇನಿಯಸ್ ೧೮೮೯ರಲ್ಲಿ ಕೊಟ್ಟರು. ಅದರ ಒರಟು ಕೈಲೆಕ್ಕ ಹೀಗೆ: ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿ. ಪ್ರಯೋಗಾಲಯದಲ್ಲಿ ಇದನ್ನು ದಿನವೂ ಬಳಸುತ್ತ, ಮನೆಯ ಸೋಫಾದ ಹಿಂದೆ ಅದನ್ನು ಮರೆತಿದ್ದೆವು.

ಕಂಡೆನ್ಸರಿನೊಳಗೆ ಇರುವುದು ಅಲ್ಯೂಮಿನಿಯಂ ಹಾಳೆ ಮತ್ತು ದ್ರವದಲ್ಲಿ ನೆನೆದ ಕಾಗದ, ಎಲೆಯಂತೆ ಸುರುಳಿ ಸುತ್ತಿದ್ದು. ಬಿಸಿಯಲ್ಲಿ ಆ ದ್ರವ ತಳದ ರಬ್ಬರ್ ಬಿರಡೆಯ ಮೂಲಕ ಮೆಲ್ಲನೆ ಆವಿಯಾಗಿ ಹೋಗುತ್ತದೆ. ಒಣಗಿದ ಕಂಡೆನ್ಸರ್ ಏರಿಳಿಯುವ ವಿದ್ಯುತ್ತನ್ನು ನಯಮಾಡಲಾರದು. ಆ ಏರಿಳಿತವೇ ನಮಗೆ ಗುಂಯ್ ಎಂದು ಕೇಳಿಸುತ್ತಿದ್ದದ್ದು. ದ್ರವದಲ್ಲಿರುವ ನೀರು ಅಲ್ಯೂಮಿನಿಯಮ್ಮಿನೊಡನೆ ಸೇರಿದರೆ ಜಲಜನಕ ಹುಟ್ಟಿ ತಲೆ ಊದುತ್ತದೆ. ೨೦೦೦ದ ಆಸುಪಾಸಿನ ಕೆಲವು ವರ್ಷಗಳಲ್ಲಿ ದ್ರವದ ಪಾಕ ತಪ್ಪಿದ ಕಂಡೆನ್ಸರುಗಳಿಂದಾಗಿ ಪ್ರಪಂಚದಾದ್ಯಂತ ಕಂಪ್ಯೂಟರುಗಳು ಹೀಗೆಯೇ ಸತ್ತದ್ದು ಕೆಲವರಿಗೆ ನೆನಪಿರಬಹುದು. ಕಪ್ಪಾಗಿದ್ದ ಗೋಂದಿನದೂ ರಸಾಯನದ ಕಥೆಯೇ. ಭಾಗಗಳು ನಡುಗದಿರಲೆಂದು ಹಚ್ಚುವ ಕೆಲವು ಬಗೆಯ ರಬ್ಬರ್ ಗೋಂದು ವರ್ಷಾನುಗಟ್ಟಲೆ ಬಿಸಿಯಲ್ಲಿದ್ದರೆ ಕಂದಾಗಿ, ಅಲ್ಪಸ್ವಲ್ಪ ವಿದ್ಯುತ್ ಹಾಯಿಸತೊಡಗಿ, ತಂತಿಯ ಕಾಲುಗಳನ್ನೂ ತಿನ್ನುತ್ತದೆ.

ನಮ್ಮ ಕಂಡೆನ್ಸರಿನ ಮೈಮೇಲೆ ೮೫ ಡಿಗ್ರಿ ಎಂದು ಅಚ್ಚಾಗಿತ್ತು. ಆ ಜಾತಿಗೆ ೮೫ ಡಿಗ್ರಿಯಲ್ಲಿ ೨,೦೦೦ ಗಂಟೆ ಆಯುಷ್ಯ ಎಂದು ಹಿಡಿಯೋಣ. ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದಾಗ, 'ಮಲಗಿದ' ಸ್ಥಿತಿಯಲ್ಲಿಯೂ ಆ ಮೂಲೆ ಕೋಣೆಗಿಂತ ಸುಮಾರು ೨೦ ಡಿಗ್ರಿ ಬಿಸಿಯಿತ್ತು. ಏ.ಸಿ. ಇರುವ ಮನೆಯಲ್ಲಿ ೨೫ ಎಂದರೆ ಒಳಗೆ ೪೫. ಆಗ ಆಯುಷ್ಯ ೧೬ ಪಟ್ಟು, ಎಂದರೆ ೩೨,೦೦೦ ಗಂಟೆ. ಬೀಗ ಹಾಕಿದ ಮನೆಯಲ್ಲಿ ಜುಲೈಯಲ್ಲಿ ೪೫ ಎಂದರೆ ಒಳಗೆ ೬೫. ಆಯುಷ್ಯ ೮,೦೦೦ ಗಂಟೆಗೆ ಇಳಿಯಿತು. ೪೫ ಹೆಚ್ಚಾಯಿತೆಂದು ಯಾರೂ ಹೇಳಲಾರರು. ಮಸ್ಕತ್ತಿನ ಆಚೆಯ ಕುರಿಯಾತ್‌ನಲ್ಲಿ ೨೦೧೮ರ ಜೂನ್ ಕೊನೆಯಲ್ಲಿ ಒಂದು ಇಡೀ ದಿನ, ನಡುರಾತ್ರಿಯೂ ಸೇರಿ, ಉಷ್ಣತೆ ೪೨.೬ಕ್ಕಿಂತ ಕೆಳಗಿಳಿಯಲೇ ಇಲ್ಲ.

ಎಂದರೆ ನಾವು ಊರಿನಲ್ಲಿ ಮಾವಿನಹಣ್ಣು ತಿನ್ನುತ್ತಿದ್ದ ಎರಡು ತಿಂಗಳಲ್ಲಿ ಈ ಬಡ ಕಂಡೆನ್ಸರಿಗೆ ಎಂಟು ತಿಂಗಳ ವಯಸ್ಸಾಗುತ್ತಿತ್ತು. ಯಾರೂ ಒಂದು ಹಾಡನ್ನೂ ಕೇಳದೆ. ಕೂಡಿ ನೋಡಿದರೆ ಎರಡೂವರೆ ವರ್ಷಕ್ಕೇ ಅದರ ಲೆಕ್ಕದ ಆಯುಷ್ಯ ಮುಗಿದಿತ್ತು. ಆಯುಷ್ಯ ಮುಗಿಯುವುದೆಂದರೆ ಸಾವಲ್ಲ, ಅಳತೆ ತಪ್ಪತೊಡಗುವುದು. ಪಾಪ, ಮುಪ್ಪಿನಲ್ಲಿ ನಾಲ್ಕೂವರೆ ವರ್ಷ ದುಡಿದು ಸತ್ತಿತ್ತು.

ರಿಪೇರಿಯವರು ೧೦೫ ಡಿಗ್ರಿಯ ಕಂಡೆನ್ಸರ್ ಹಾಕಿದರು. ಬೆಲೆಯಲ್ಲಿ ವ್ಯತ್ಯಾಸ ಕೆಲವು ಬೈಸಾ. ಇಪ್ಪತ್ತು ಡಿಗ್ರಿಗೆ ಆಯುಷ್ಯ ನಾಲ್ಕು ಪಟ್ಟು: ಎರಡೂವರೆಯ ಬದಲು ಹತ್ತು ವರ್ಷ. ರಜೆಯಲ್ಲಿ ಪ್ಲಗ್ ಕಿತ್ತರೆ ಹದಿನೇಳು. ಹೊಸ ಪೆಟ್ಟಿಗೆಯೊಳಗೆ ಯಾವ ಕಂಡೆನ್ಸರಿದೆಯೆಂದು ನಮಗೆ ಯಾರು ತೋರಿಸುತ್ತಿದ್ದರು? ಹೊಸದರ ಪಕ್ಷದವರು ಸೋತದ್ದು ಈ ಪ್ರಶ್ನೆಯ ಎದುರು.

ಬಳೆಯ ಪ್ರಯಾಣ

ಸ್ಪಂಜಿನ ಬಳೆಯ ಕಥೆ ಬೇರೆ. ಅದು ಪಾಲಿಯುರಿಥೇನ್. ಇದರಲ್ಲಿ ಪಾಲಿಯೆಸ್ಟರಿನಿಂದ ಮಾಡಿದ ಜಾತಿಗೆ ನೀರಿನಾವಿ ಆಗದು. ಗಾಳಿಯ ತೇವ ಎಸ್ಟರಿನ ಕೊಂಡಿಗಳನ್ನು ಒಡೆಯುತ್ತದೆ. ಒಡೆದಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮುಂದಿನ ಕೊಂಡಿಯನ್ನು ಇನ್ನೂ ಬೇಗ ಒಡೆಯುತ್ತದೆ. ಒಮ್ಮೆ ಶುರುವಾದರೆ ಕೊಳೆತ ಹಣ್ಣು ಬುಟ್ಟಿಯನ್ನು ಕೆಡಿಸಿದ ಹಾಗೆ. ಮಸ್ಕತ್ತಿನ ಬೇಸಗೆಯ ತೇವ, ಕನ್ನಡಕ ಮಂಜಾಗುವ ಆ ಗಾಳಿ, ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಬೂಟುಗಳ ಅಟ್ಟೆ ಕಪಾಟಿನಲ್ಲಿ ಇದ್ದಲ್ಲೇ ಪುಡಿಯಾಗುವುದೂ ಹಲವು ಸಲ ಇದೇ ಕಾರಣಕ್ಕೆ.

"ಈ ಅಳತೆಯ ಬಳೆ ಇಲ್ಲಿ ನನ್ನ ಹತ್ತಿರ ಇಲ್ಲ," ಎಂದರು ರಿಪೇರಿಯವರು. "ರಬ್ಬರಿನದು ಉಂಟು, ಹಾಕಬಹುದು, ಆದರೆ ಸ್ವರ ಬದಲಾಗ್ತದೆ." ಅವರ ಮಾತಿಗೆ ಶಾಸ್ತ್ರಾಧಾರವೂ ಇದೆ. ಬಳೆ ಎಷ್ಟು ಬಿಗಿ, ಕೋನು ಎಷ್ಟು ತೂಕ, ಪೆಟ್ಟಿಗೆಯೊಳಗೆ ಎಷ್ಟು ಗಾಳಿ ಎಂಬ ಮೂರನ್ನೂ ಒಂದು ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, ೧೯೬೧ರಲ್ಲಿ. ರಿಚರ್ಡ್ ಸ್ಮಾಲ್ ೧೯೭೦ರ ದಶಕದಲ್ಲಿ ಅದನ್ನು ಪೂರ್ಣಗೊಳಿಸಿದರು. ಒಂದನ್ನು ಬದಲಿಸಿದರೆ ಉಳಿದೆರಡರ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ಸ್ಪಂಜಿನದೇ ಬೇಕು.

ಬೆಂಗಳೂರಿನ ಎಸ್. ಪಿ. ರಸ್ತೆಯನ್ನು ಬಲ್ಲವರಿಗೆ ಮುಂದಿನದು ಊಹೆಯಾಗಿರಬೇಕು. ನಮ್ಮ ಸಂಘದ ಒಂದು ಕುಟುಂಬ ಮದುವೆಗೆಂದು ಬೆಂಗಳೂರಿಗೆ ಹೋಗಿತ್ತು. ಹೊರ ಅಳತೆ, ಒಳ ಅಳತೆ, ಉಬ್ಬಿನ ಅಗಲ ಬರೆದು ಚಿತ್ರ ಕಳುಹಿಸಿದೆವು. ಮದುವೆಯ ಗಡಿಬಿಡಿಯಲ್ಲಿಯೂ ಅವರು ಆ ರಸ್ತೆಯಲ್ಲಿ ಮೂರು ಅಂಗಡಿ ಹತ್ತಿಳಿದು ಎರಡು ಬಳೆ ಕೊಂಡು, ಚಟ್ನಿಪುಡಿಯ ಡಬ್ಬಿಗಳ ನಡುವೆ ಮಡಿಸದಂತೆ ಇಟ್ಟು ತಂದರು. ಷರತ್ತಿನ ಮೂರು ವಾರ ಮುಗಿದು ಆಗಲೇ ನಾಲ್ಕು ದಿನವಾಗಿತ್ತು. ಹೊಸ ಪಕ್ಷದವರು ಅದನ್ನು ಎತ್ತಿ ಆಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹಳೆಯ ಬಳೆ ಕೆರೆದು ತೆಗೆದು, ಕಾಯಿಲ್ ನಡುವಿಗೆ ನಿಲ್ಲುವಂತೆ ಸುತ್ತ ಕಾಗದದ ಪಟ್ಟಿ ಸಿಕ್ಕಿಸಿ, ಹೊಸದನ್ನು ಅಂಟಿಸಿ ಒಂದು ಇಡೀ ದಿನ ಒಣಗಲು ಬಿಟ್ಟರು. ಸ್ವಲ್ಪ ವಾರೆಯಾದರೂ ಕಾಯಿಲ್ ಉಜ್ಜಿ ಕೆಡುತ್ತದೆ. ಕಂಡೆನ್ಸರು, ಗೋಂದು ತೆಗೆದದ್ದು, ಸಡಿಲವಾಗಿದ್ದ ಬೆಸುಗೆ ಸರಿಮಾಡಿದ್ದು ಸೇರಿ ೧೨ ರಿಯಾಲ್. ಬಳೆ ಹಾಕಿದ್ದಕ್ಕೆ ೬. ಬಳೆಯ ಬೆಲೆ ರೂಪಾಯಿಯಲ್ಲಿ ಕೊಟ್ಟದ್ದು ಸುಮಾರು ೪ ರಿಯಾಲಿಗೆ ಸಮ. ಒಟ್ಟು ೨೨. ಹೊಸದರ ಕಾಲುಭಾಗಕ್ಕೂ ಕಡಮೆ.

ಹೊಸದೇ ಸರಿ ಎನ್ನುವ ಸಂದರ್ಭ

ಇದನ್ನೋದಿ ಎಲ್ಲರೂ ಎಲ್ಲವನ್ನೂ ರಿಪೇರಿ ಮಾಡಿಸಬೇಕೆಂದು ನಾವು ಹೇಳುತ್ತಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಗೆ ಬಡಿದಾಗ ಆ ಕಡೆಯ ಸ್ನೇಹಿತರ ಮನೆಯೊಳಗೆ ಮೊಣಕಾಲಿನವರೆಗೆ ಕೆಸರುನೀರು ನಿಂತಿತ್ತು. ಅವರ ಸಬ್‌ವೂಫರಿನ ಪೆಟ್ಟಿಗೆ ಒದ್ದೆ ರೊಟ್ಟಿಯಂತೆ ಉಬ್ಬಿತ್ತು, ಕಾಯಿಲಿನ ಸಂದಿಯಲ್ಲಿ ಮಣ್ಣು ಸೇರಿ ತುಕ್ಕು ಹಿಡಿದಿತ್ತು, ಟ್ರಾನ್ಸ್‌ಫಾರ್ಮರ್ ನೆನೆದಿತ್ತು. ತಾತನ ಮಾತಿನಲ್ಲಿ ಮರವೇ ಸೀಳಿತ್ತು. ಅದಕ್ಕೆ ಹಾಕುವ ದುಡ್ಡು ದಂಡ, ೨೪೦ ವೋಲ್ಟಿನ ಭಯ ಬೇರೆ. ಅವರು ಹೊಸದು ಕೊಂಡದ್ದು ಸರಿ.

ಗ್ಯಾರಂಟಿ ಇನ್ನೂ ಇದ್ದರೆ ಬಿಚ್ಚಬಾರದು, ಕಂಪನಿಗೇ ಕೊಡಬೇಕು. ಕಾಯಿಲ್ ಸುಟ್ಟು ಅದಕ್ಕೆ ಹೊಂದುವ ಸ್ಪೀಕರ್ ಸಿಗದಿದ್ದರೆ, ಬೋರ್ಡೇ ಸುಟ್ಟು ತೂತಾಗಿದ್ದರೆ, ರಿಪೇರಿಯ ಖರ್ಚು ಹೊಸದರ ಅರ್ಧ ದಾಟಿದರೆ, ಹೊಸದೇ ಲೇಸು. ಆಂಪ್ಲಿಫೈಯರ್ ಮಾತ್ರ ಪೂರ್ತಿ ಹೋಗಿದ್ದರೆ ನಡುವಿನ ದಾರಿಯೂ ಒಂದಿದೆ: ಪೆಟ್ಟಿಗೆಯ ಬೆನ್ನಿಗೆ ಕೂರಿಸುವ ಆಂಪ್ಲಿಫೈಯರ್ ತಗಡು ಬಿಡಿಯಾಗಿಯೂ ಮಾರಾಟಕ್ಕೆ ಸಿಗುತ್ತದೆ, ಹಳೆಯ ರಂಧ್ರದ ಅಳತೆ ಮತ್ತು ಸ್ಪೀಕರಿನ ಓಮ್ ಎರಡೂ ಹೊಂದಬೇಕು.

ಎಸೆಯುವಾಗಲೂ ಒಂದು ಮಾತು ಮನಸ್ಸಿನಲ್ಲಿರಲಿ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ ೨೦೨೨ರಲ್ಲಿ ಪ್ರಪಂಚ ಎಸೆದ ವಿದ್ಯುತ್ ಉಪಕರಣಗಳ ಕಸ ೬.೨ ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ ೨೨.೩ ಮಾತ್ರ. ಸರಕಾರಗಳೂ ಈಗ ಎಚ್ಚೆತ್ತಿವೆ. ಫ್ರಾನ್ಸಿನಲ್ಲಿ ೨೦೨೧ರಿಂದ ಕೆಲವು ಉಪಕರಣಗಳ ಮೇಲೆ ರಿಪೇರಿ ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ಅಚ್ಚು ಹಾಕಬೇಕು. ಭಾರತ ಸರಕಾರ ೨೦೨೨ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಪೋರ್ಟಲ್ ತೆರೆಯಿತು. ಆದರೆ ಕಾನೂನು ಎಷ್ಟೇ ಬರಲಿ, ದೀಪ ಹಿಡಿದು ಬೋರ್ಡ್ ನೋಡಬಲ್ಲವರೊಬ್ಬರು ಗಲ್ಲಿಯಲ್ಲಿ ಕುಳಿತಿರದಿದ್ದರೆ ಅದು ಕಾಗದವಷ್ಟೆ. ಊರಿನಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ತಿದಿಯೊತ್ತುತ್ತ ಬೀದಿಯಲ್ಲಿ ಕೂರುತ್ತಿದ್ದದ್ದು ತಾತನಿಗೆ ನೆನಪಿದೆ. ಅವರು ಪಾತ್ರೆಗೆ ಸವರುತ್ತಿದ್ದ ತವರವೇ ಇವರ ಬೆಸುಗೆಯಲ್ಲಿಯೂ ಇರುವುದು. ಕಲಾಯಿಯವರು ಬರುವುದು ನಿಂತ ಮೇಲೆ ನಾವು ಹಿತ್ತಾಳೆ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದೆವಲ್ಲವೆ?

ಪೆಟ್ಟಿಗೆ ಮನೆಗೆ ಬಂದದ್ದು ಮಾರ್ಚ್ ೮ರಂದು. ಇನ್ನು ಇಪ್ಪತ್ತು ದಿನವಿತ್ತು. ಅಂದು ಸಂಜೆ ಅದೇ ಕಚೇರಿ ಹಾಕಿದೆವು. ತಾತ ಶ್ರವಣ ಸಾಧನ ತೆಗೆದು ಜೇಬಿನಲ್ಲಿಟ್ಟುಕೊಂಡರು, ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿದರು. ತನಿ ಶುರುವಾಯಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತೊಡೆಯ ಮೇಲೆ ಅವರ ಎಡಗೈ ತಾನಾಗಿಯೇ ಆಡತೊಡಗಿತು. ಮಗು ಹೋಗಿ ಅವರ ಪಕ್ಕ ನೆಲದಲ್ಲಿ ಕುಳಿತು, ಪೆಟ್ಟಿಗೆಗೆ ಅಂಗೈ ಒತ್ತಿ, "ತಾತಾ, ಬಂತು!" ಎಂದಿತು.

"ಬಂತು, ಬಂತು. ಸುಮ್ನೆ ಕೇಳು," ಎಂದರು ತಾತ.

ಈ ರಿಪೇರಿ ಎಷ್ಟು ವರ್ಷ ಬಾಳುತ್ತದೆಂದು ನಾವು ಬಾಂಡು ಬರೆದುಕೊಡಲಾರೆವು. ಎರಡನೆಯ ಬಳೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಹರಳಿನೊಡನೆ ಹಾಕಿಟ್ಟಿದ್ದೇವೆ. ಸಂಘದಲ್ಲಿ ಯಾರಿಗಾದರೂ ಹತ್ತು ಅಂಗುಲದ್ದು ಬೇಕಾದರೆ ಕೇಳಿ, ಕೊಡುತ್ತೇವೆ. ಮತ್ತು ಈ ಸಂಚಿಕೆ ಕೈಸೇರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ರಜೆಯ ಟಿಕೆಟ್ಟುಗಳ ಮಾತು ಶುರುವಾಗಿರುತ್ತದೆ. ನಲ್ಲಿ, ಗ್ಯಾಸು, ಏ.ಸಿ. ಪಟ್ಟಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಿ: ಸೋಫಾದ ಹಿಂದಿನ ಪ್ಲಗ್.